ಮೈಲುತುತ್ತಿಗೆ ಬಿದ್ದ ಕತ್ತಿ ತಾಮ್ರ ಆಯಿತೇ?

ಪ್ರಶ್ನೆ: ನಮ್ಮದು ಸಣ್ಣ ಅಡಿಕೆ ತೋಟ. ಮಳೆಗಾಲದ ಮೊದಲು ಕೊಳೆರೋಗದ ಬೋರ್ಡೋ ಮದ್ದು ಮಾಡುವಾಗ ಮೈಲುತುತ್ತು (ಕಾಪರ್ ಸಲ್ಫೇಟ್) ಕದಡಿಟ್ಟ ನೀರಿಗೆ ಕತ್ತಿ ಜಾರಿ ಬಿತ್ತು. ತೆಗೆದು ನೋಡಿದರೆ ಅಲಗು ಪೂರ್ತಿ ತಾಮ್ರದ ಬಣ್ಣ. ಕಬ್ಬಿಣ ತಾಮ್ರ ಆಯಿತು ಎಂದು ನನ್ನ ತಂದೆ ಹೇಳುತ್ತಾರೆ. ಅವರ ಅಪ್ಪನೂ ಹಾಗೇ ಹೇಳುತ್ತಿದ್ದರಂತೆ. ಒಂಬತ್ತನೇ ಕ್ಲಾಸಿನ ಮಗಳು ಮಾತ್ರ ಒಪ್ಪುವುದಿಲ್ಲ. 'ಪ್ರೋಟಾನ್ ಬದಲಾಗದೆ ಕಬ್ಬಿಣ ತಾಮ್ರ ಆಗುವುದೇ ಇಲ್ಲ' ಎನ್ನುತ್ತಾಳೆ. ಎರಡು ದಿನದಿಂದ ಅಜ್ಜ ಮೊಮ್ಮಗಳದ್ದು ಇದೇ ಮಾತು. ಯಾರು ಸರಿ? ಈ ಪ್ರೋಟಾನಿಗೂ ನನ್ನ ಕತ್ತಿಗೂ ಏನು ಸಂಬಂಧ?
– ಅಡಿಕೆ ಕೃಷಿಕರು, ಪೆರ್ಲ

ಉತ್ತರ: ಮಗಳು ಹೇಳಿದ್ದು ಸರಿ. ಆದರೆ ಅಜ್ಜ ಕಂಡದ್ದೂ ಸುಳ್ಳಲ್ಲ. ಕತ್ತಿಯ ಮೇಲೆ ಕೂತದ್ದು ಅಪ್ಪಟ ತಾಮ್ರವೇ. ಅದು ಎಲ್ಲಿಂದ ಬಂತು ಎಂಬಲ್ಲಿ ಮಾತ್ರ ಅವರ ಲೆಕ್ಕ ತಪ್ಪಿದೆ.

ನಿಮ್ಮ ಪತ್ರ ಓದಿದ ದಿನವೇ ನಾನೂ ಮಾಡಿ ನೋಡಿದೆ. ನಮ್ಮ ಕೊಟ್ಟಿಗೆಯ ಅಟ್ಟದಲ್ಲಿ ಕಳೆದ ವರ್ಷದ ಮೈಲುತುತ್ತು ಸ್ವಲ್ಪ ಉಳಿದಿತ್ತು. ಐದು ಗ್ರಾಂ ತೂಗಿ ಒಂದು ಗಾಜಿನ ಭರಣಿಯ ನೀರಿನಲ್ಲಿ ಕರಗಿಸಿದೆ. ನೀರು ಚಂದದ ನೀಲಿ ಆಯಿತು. ಒಂದು ಹಳೆ ಕಬ್ಬಿಣದ ಮೊಳೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ ತಂದಿದ್ದೆ. 8.2 ಗ್ರಾಂ. ದಾರ ಕಟ್ಟಿ ನೀರಿಗೆ ಇಳಿಸಿದೆ. ಅರ್ಧ ನಿಮಿಷ ಆಗಿರಲಿಕ್ಕಿಲ್ಲ, ಮೊಳೆಯ ಮೇಲೆ ನಸುಗೆಂಪು ಮೂಡಿತು. ಐದು ನಿಮಿಷದಲ್ಲಿ ಹೊಸ ತಾಮ್ರದ ಚೆಂಬಿನ ಬಣ್ಣ. ಆಮೇಲೆ ಅದು ದಪ್ಪವಾಗಿ, ಹುಡಿಹುಡಿಯಾಗಿ, ಕಂದು ಪಾಚಿಯ ಹಾಗೆ ಜೋತುಬಿದ್ದು ತಳಕ್ಕೆ ಉದುರತೊಡಗಿತು.

ಎರಡು ದಿನ ಬಿಟ್ಟೆ. ಆಗಾಗ ಕಡ್ಡಿಯಿಂದ ಹುಡಿ ಕೆರೆದು ಬೀಳಿಸುತ್ತಿದ್ದೆ. ಮೂರನೇ ದಿನ ಬೆಳಗ್ಗೆ ನೋಡಿದರೆ ನೀಲಿ ಬಹಳ ಮಾಸಿತ್ತು. ನೀರು ತೆಳು ಹಸಿರು. ಮೊಳೆಯನ್ನು ತೆಂಗಿನ ಚೊಪ್ಪಿನಿಂದ ತಿಕ್ಕಿ, ತೊಳೆದು, ಒಣಗಿಸಿ ಪುನಃ ತೂಗಿಸಿದೆ. 7.3 ಗ್ರಾಂ.

ಇಲ್ಲಿಯೇ ಅಜ್ಜನಿಗೆ ಉತ್ತರ ಇದೆ. ಪ್ರೋಟಾನಿನ ಹೆಸರು ಎತ್ತುವುದೂ ಬೇಡ. ಕಬ್ಬಿಣವೇ ತಾಮ್ರ ಆಗಿದ್ದರೆ ನೀರಿನ ನೀಲಿ ಯಾಕೆ ಮಾಸಬೇಕು? ಆ ನೀಲಿ ಬಣ್ಣವೇ ನೀರಿನಲ್ಲಿ ಕರಗಿದ್ದ ತಾಮ್ರದ್ದು. ಮೈಲುತುತ್ತಿನ ತೂಕದಲ್ಲಿ ಸುಮಾರು ನಾಲ್ಕನೇ ಒಂದು ಪಾಲು ತಾಮ್ರ. ಅಂದರೆ ನನ್ನ ಐದು ಗ್ರಾಮಿನಲ್ಲಿ 1.27 ಗ್ರಾಂ ತಾಮ್ರ ಮೊದಲೇ ಇತ್ತು. ಅದು ನೀರಿನಿಂದ ಹೊರಗೆ ಬಂದು ಮೊಳೆಯ ಮೇಲೆ ಕೂತಿತು. ಬದಲಿಗೆ ಕಬ್ಬಿಣ ಮೊಳೆಯಿಂದ ನೀರಿಗೆ ಇಳಿಯಿತು. ತೆಳು ಹಸಿರು ಬಣ್ಣ ಅದರದ್ದು. 55.8 ಗ್ರಾಂ ಕಬ್ಬಿಣ ನೀರಿಗೆ ಇಳಿದರೆ 63.5 ಗ್ರಾಂ ತಾಮ್ರ ಹೊರಗೆ ಬರುತ್ತದೆ. ನನ್ನ ಮೊಳೆ 0.9 ಗ್ರಾಂ ಕಳೆದುಕೊಂಡಿತು, ಆ ಲೆಕ್ಕದಲ್ಲಿ ಒಂದು ಗ್ರಾಮಿಗಿಂತ ಸ್ವಲ್ಪ ಜಾಸ್ತಿ ತಾಮ್ರ ಬಂದಿರಬೇಕು. ಹಾಗಾಗಿಯೇ ನೀಲಿ ಅಷ್ಟು ಮಾಸಿದ್ದು. ಕಬ್ಬಿಣ ಕಬ್ಬಿಣವಾಗಿಯೇ ಹೋಯಿತು, ತಾಮ್ರ ತಾಮ್ರವಾಗಿಯೇ ಬಂತು. ಜಾಗ ಮಾತ್ರ ಬದಲಾಯಿತು.

ನಿಮ್ಮ ತಂದೆಯವರು ಇದರಿಂದ ಬೇಸರ ಪಡಬೇಕಾಗಿಲ್ಲ. ಸಾವಿರ ವರ್ಷದ ಹಿಂದೆ ಚೀನಾದಲ್ಲಿ ಇದೇ ಉಪಾಯದಿಂದ ದೊಡ್ಡ ಪ್ರಮಾಣದಲ್ಲಿ ತಾಮ್ರ ತೆಗೆಯುತ್ತಿದ್ದರು. ಗಣಿಯ ನೀಲಿ ನೀರಿಗೆ ಕಬ್ಬಿಣದ ತುಂಡು ಹಾಕಿದರೆ ಆಯಿತು. ಯುರೋಪಿನ ಗಣಿಗಳಲ್ಲೂ ಮಾಡಿದರು. ಕಬ್ಬಿಣವೇ ತಾಮ್ರ ಆಗುತ್ತದೆ ಎಂದು ಅಲ್ಲಿನ ದೊಡ್ಡ ದೊಡ್ಡ ವಿದ್ವಾಂಸರೇ ನಂಬಿದ್ದರು.

ಇನ್ನು ಮಗಳ ಮಾತಿಗೆ ಬರೋಣ. ಕಬ್ಬಿಣವಾಗಲಿ ತಾಮ್ರವಾಗಲಿ, ಕತ್ತರಿಸುತ್ತಾ ಹೋದರೆ ಕೊನೆಗೆ ಪರಮಾಣು ಸಿಗುತ್ತದೆ. ಪರಮಾಣುವಿನ ನಡುವೆ ಒಂದು ಪುಟ್ಟ ಗಟ್ಟಿ ಬೀಜ. ಅದನ್ನು ನ್ಯೂಕ್ಲಿಯಸ್ ಎನ್ನುತ್ತೇವೆ. ಅದರೊಳಗೆ ಪ್ರೋಟಾನ್ ಮತ್ತು ನ್ಯೂಟ್ರಾನ್ ಒತ್ತಿಕೊಂಡು ಕೂತಿವೆ. ಸುತ್ತಲಿನ ಜಾಗದಲ್ಲಿ ಎಲೆಕ್ಟ್ರಾನ್‌ಗಳು. ಪ್ರೋಟಾನಿಗೆ ಧನ ವಿದ್ಯುತ್ತು, ಎಲೆಕ್ಟ್ರಾನಿಗೆ ಋಣ, ನ್ಯೂಟ್ರಾನಿಗೆ ಎರಡೂ ಇಲ್ಲ. ಬೀಜದಲ್ಲಿ 26 ಪ್ರೋಟಾನ್ ಇದ್ದರೆ ಅದು ಕಬ್ಬಿಣ. 29 ಇದ್ದರೆ ತಾಮ್ರ. ಬೇರೆ ಯಾವ ಗುರುತೂ ಕೇಳಬೇಕಾಗಿಲ್ಲ. 1 ಆದರೆ ಹೈಡ್ರೋಜನ್, 6 ಆದರೆ ಕಾರ್ಬನ್, 79 ಆದರೆ ಚಿನ್ನ. ಈ ಲೆಕ್ಕಕ್ಕೆ ಪರಮಾಣು ಸಂಖ್ಯೆ ಎಂದು ಹೆಸರು. ಇಂದಿಗೆ 118ರವರೆಗೆ ಎಲ್ಲ ಸಂಖ್ಯೆಗೂ ಒಂದೊಂದು ಧಾತು ಇದೆ. ಹಳೆ ಪುಸ್ತಕಗಳಲ್ಲಿ ಧಾತುವನ್ನೇ ಮೂಲವಸ್ತು ಎಂದಿರುತ್ತದೆ, ಎರಡೂ ಒಂದೇ.

ಈಗ ನಿಮ್ಮ ಮೈಲುತುತ್ತಿನ ನೀರಿನಲ್ಲಿ ಏನಾಯಿತು? ಮೈಲುತುತ್ತಿನಲ್ಲಿರುವ ತಾಮ್ರ ಎರಡು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರ. ಆದ್ದರಿಂದ ಅದು ನೀರಿನಲ್ಲಿ ಕರಗಿ ನೀಲಿಯಾಗಿ ಇರುತ್ತದೆ. ಕಬ್ಬಿಣಕ್ಕೆ ಎಲೆಕ್ಟ್ರಾನ್ ಬಿಟ್ಟುಕೊಡುವುದು ತಾಮ್ರಕ್ಕಿಂತ ಸುಲಭ. ಕತ್ತಿ ತನ್ನ ಎರಡು ಎಲೆಕ್ಟ್ರಾನನ್ನು ತಾಮ್ರಕ್ಕೆ ದಾಟಿಸಿತು. ಸಿಕ್ಕಿದ ತಾಮ್ರ ಕೆಂಪು ಲೋಹವಾಗಿ ಅಲಗಿಗೆ ಅಂಟಿತು. ಕೊಟ್ಟ ಕಬ್ಬಿಣ ನೀರಿಗೆ ಇಳಿಯಿತು. ನಡೆದ ವ್ಯವಹಾರ ಎಲ್ಲ ಹೊರಗಿನ ಎಲೆಕ್ಟ್ರಾನಿನದ್ದು. ಬೀಜದ ಬಳಿಗೆ ಯಾರೂ ಹೋಗಲಿಲ್ಲ. 26 ಇದ್ದದ್ದು 26 ಆಗಿಯೇ ಉಳಿಯಿತು, 29 ಕೂಡ ಹಾಗೆಯೇ.

ಬೀಜದ ಬಳಿಗೆ ಹೋಗುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಬೇಕಲ ಕೋಟೆಯನ್ನು ನೆನಪಿಸಿಕೊಳ್ಳಿ. ಸುಮಾರು 40 ಎಕರೆ ಜಾಗ. ತಾಮ್ರದ ಒಂದು ಪರಮಾಣು ಅಷ್ಟು ಅಗಲ ಇದ್ದರೆ, ಅದರ ಬೀಜ ಕೋಟೆಯ ನಡುವೆ ಬಿದ್ದ ಒಂದು ಸಣ್ಣ ಅಡಿಕೆಯಷ್ಟೇ. ಆದರೆ ಪರಮಾಣುವಿನ ತೂಕ ಹೆಚ್ಚುಕಡಿಮೆ ಎಲ್ಲವೂ ಆ ಅಡಿಕೆಯಲ್ಲೇ. ಒಂದು ಪ್ರೋಟಾನ್ ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರ. ಒಲೆಯ ಬೆಂಕಿ, ಸುಣ್ಣ, ಆಸಿಡ್, ಬ್ಯಾಟರಿ, ಕುಲುಮೆ, ಇವುಗಳ ಶಕ್ತಿ ಎಲ್ಲ ಕೋಟೆಯ ಹೊರಗೋಡೆಯಲ್ಲೇ ಮುಗಿಯುತ್ತದೆ. ಬೀಜದಿಂದ ಒಂದು ಪ್ರೋಟಾನ್ ಕೀಳಲು ಬೇಕಾದ ಶಕ್ತಿ, ಒಂದು ರಾಸಾಯನಿಕ ಕ್ರಿಯೆಯಲ್ಲಿ ಒಂದು ಪರಮಾಣುವಿನ ಪಾಲಿಗೆ ಬರುವ ಶಕ್ತಿಯ ಸುಮಾರು ಹತ್ತು ಲಕ್ಷ ಪಟ್ಟು.

ಒಂದು ಉಪಯೋಗದ ಮಾತು. ಇದೇ ಕತ್ತಿಯಿಂದ ಬೋರ್ಡೋದ ಹದ ನೋಡಬಹುದು. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರ್ ನೀರಿಗೆ. ಸುಣ್ಣದ ನೀರಿಗೆ ಮೈಲುತುತ್ತಿನ ನೀರು ಹೊಯ್ದು ಕದಡುತ್ತೀರಿ ಅಲ್ವಾ? ಆಮೇಲೆ ಚೆನ್ನಾಗಿ ತಿಕ್ಕಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ. ಅಲಗು ಕೆಂಪಾದರೆ ಸುಣ್ಣ ಸಾಲಲಿಲ್ಲ, ಬಿಡಿ ತಾಮ್ರ ಇನ್ನೂ ನೀರಿನಲ್ಲಿದೆ, ಹಾಗೇ ಹೊಡೆದರೆ ಹಿಂಗಾರ ಸುಟ್ಟುಹೋಗುತ್ತದೆ. ಇನ್ನಷ್ಟು ಸುಣ್ಣದ ತಿಳಿ ಹಾಕಿ. ಅಲಗು ಹಾಗೇ ಉಳಿದರೆ ಮದ್ದು ಹೊಡೆಯಬಹುದು. ನಮ್ಮ ತೋಟಕ್ಕೆ ಮದ್ದು ಬಿಡಲು ಬರುತ್ತಿದ್ದ ಹಿರಿಯರೊಬ್ಬರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಕತ್ತಿ ಅದ್ದಿ ನೋಡದೆ ಒಂದು ದಿನವೂ ಮರ ಹತ್ತಿದವರಲ್ಲ. ನಾನು ಮೂವತ್ತೊಂದು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸಿದೆ. ಈ ಪಾಠವನ್ನು ಶುರು ಮಾಡುತ್ತಿದ್ದದ್ದು ಅವರ ಕತ್ತಿಯಿಂದಲೇ.

ಹಾಂ, ಕಬ್ಬಿಣದ ಡ್ರಮ್ಮಿನಲ್ಲಿ ಮೈಲುತುತ್ತು ಕರಗಿಸಬಾರದು ಎನ್ನುವುದೂ ಇದೇ ಕಾರಣಕ್ಕೆ. ತಾಮ್ರ ಡ್ರಮ್ಮಿಗೆ ಅಂಟಿಕೊಂಡರೆ ಕೊಳೆರೋಗಕ್ಕೆ ಉಳಿಯುವುದೇನು? ಅದ್ದಿದ ಕತ್ತಿಯನ್ನು ಅಡಿಗೆಮನೆಗೆ ತರಬೇಡಿ. ಮೈಲುತುತ್ತು ವಿಷ.


ಪ್ರಶ್ನೆ: ಪರಮಾಣುವಿನಲ್ಲಿ ಎಲೆಕ್ಟ್ರಾನ್, ನ್ಯೂಟ್ರಾನ್ ಕೂಡ ಇವೆ. ಧಾತುವಿಗೆ ಹೆಸರು ಕೊಡುವ ಅಧಿಕಾರ ಪ್ರೋಟಾನಿಗೆ ಮಾತ್ರ ಯಾಕೆ? ಪರಮಾಣು ಕಣ್ಣಿಗೇ ಕಾಣುವುದಿಲ್ಲ. ಒಳಗೆ 26 ಇದೆ, 29 ಇದೆ ಎಂದು ಎಣಿಸಿದವರು ಯಾರು?
– ಹತ್ತನೇ ತರಗತಿ ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಎಷ್ಟು ಒಳ್ಳೆಯ ಪ್ರಶ್ನೆ ಮಗಾ! ಪರೀಕ್ಷೆಗೆ 'ಪ್ರೋಟಾನ್‌ಗಳ ಸಂಖ್ಯೆಯೇ ಪರಮಾಣು ಸಂಖ್ಯೆ' ಎಂದು ಬರೆದರೆ ಒಂದು ಮಾರ್ಕು ಸಿಗುತ್ತದೆ. ಯಾಕೆ ಎಂದು ಕೇಳಿದವರು ಕಡಿಮೆ.

ಮೊದಲು ಎಲೆಕ್ಟ್ರಾನ್ ನೋಡೋಣ. ಲೋಹದ ತಾಮ್ರದಲ್ಲಿ 29 ಪ್ರೋಟಾನಿಗೆ 29 ಎಲೆಕ್ಟ್ರಾನ್. ಮೈಲುತುತ್ತಿನಲ್ಲಿರುವ ತಾಮ್ರದಲ್ಲಿ 27 ಮಾತ್ರ. ಈಗ ಗಮನಿಸು. ಕೋಬಾಲ್ಟ್ ಎಂಬ ಇನ್ನೊಂದು ಧಾತುವಿನಲ್ಲೂ 27 ಎಲೆಕ್ಟ್ರಾನೇ ಇರುವುದು. ಎಲೆಕ್ಟ್ರಾನ್ ಎಣಿಸಿ ಹೆಸರಿಡುವುದಾದರೆ ಮೈಲುತುತ್ತನ್ನು ನೀರಿಗೆ ಹಾಕಿದಾಗ ತಾಮ್ರ ಹೋಗಿ ಕೋಬಾಲ್ಟ್ ಬರಬೇಕಿತ್ತು. ಬರುವುದಿಲ್ಲ. ಕತ್ತಿ ಅದ್ದಿದರೆ ತಾಮ್ರವೇ ಹಿಂದೆ ಬರುತ್ತದೆ. ನಾವು ತಿನ್ನುವ ಉಪ್ಪಿನಲ್ಲಿರುವ ಸೋಡಿಯಮ್ಮಿಗೂ ಎಲೆಕ್ಟ್ರಾನ್ ಹತ್ತೇ. ನಿಯಾನ್ ಅನಿಲಕ್ಕೂ ಹತ್ತು. ಉಪ್ಪಿನ ಡಬ್ಬಿಯಿಂದ ನಿಯಾನ್ ಹಾರಿಹೋದದ್ದನ್ನು ಯಾರೂ ಕಂಡಿಲ್ಲ. ಎಲೆಕ್ಟ್ರಾನ್ ಬಂದು ಹೋಗುವ ನೆಂಟ. ಎಷ್ಟು ಎಲೆಕ್ಟ್ರಾನ್ ಹಿಡಿಯಬೇಕು, ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂದು ನಿರ್ಧರಿಸುವುದು ಒಳಗಿನ ಧನ ವಿದ್ಯುತ್ತು, ಅಂದರೆ ಪ್ರೋಟಾನ್.

ಹಾಗಾದರೆ ತೂಕದಿಂದ ಗುರುತಿಸಬಹುದಲ್ಲ, ಪ್ರೋಟಾನ್ ನ್ಯೂಟ್ರಾನ್ ಎರಡನ್ನೂ ಸೇರಿಸಿ? ಅದೂ ಆಗುವುದಿಲ್ಲ. ಒಂದು ಬೊಂಡ ಕೆತ್ತಿ ನೀರು ಕುಡಿ. ಅದರಲ್ಲಿ ಪೊಟ್ಯಾಸಿಯಂ ಧಾರಾಳ ಇರುತ್ತದೆ. ಅದರಲ್ಲಿ ತೀರಾ ಸಣ್ಣ ಪಾಲು, ಹತ್ತು ಸಾವಿರಕ್ಕೆ ಸುಮಾರು ಒಂದು ಪರಮಾಣು, ಪೊಟ್ಯಾಸಿಯಂ-40. ಅದರ ಬೀಜದಲ್ಲಿ 19 ಪ್ರೋಟಾನ್, 21 ನ್ಯೂಟ್ರಾನ್. ಒಟ್ಟು 40. ನಮ್ಮ ಮೂಳೆಯಲ್ಲಿರುವ ಸಾಮಾನ್ಯ ಕ್ಯಾಲ್ಸಿಯಂ 20 ಪ್ರೋಟಾನ್, 20 ನ್ಯೂಟ್ರಾನ್. ಒಟ್ಟು 40. ಗಾಳಿಯಲ್ಲಿರುವ ಆರ್ಗಾನ್ 18 ಪ್ರೋಟಾನ್, 22 ನ್ಯೂಟ್ರಾನ್. ಅದೂ 40. ಒಂದೇ ತೂಕದ ಮೂವರು. ಒಂದು ನೀರಿಗೆ ಬಿದ್ದರೆ ಉರಿಯುವ ಲೋಹ, ಒಂದು ಮೂಳೆ ಕಟ್ಟುವ ಲೋಹ, ಇನ್ನೊಂದು ಯಾರ ಜೊತೆಗೂ ಸೇರದ ಅನಿಲ. 18, 19, 20 ಎಂಬ ಲೆಕ್ಕ ಒಂದೇ ಅವರನ್ನು ಬೇರೆ ಮಾಡುವುದು.

ಎಣಿಸಿದವರ ಕಥೆಗೆ ಬರುತ್ತೇನೆ. ನನಗೆ ತುಂಬಾ ಪ್ರಿಯವಾದ ಕಥೆ, ಸ್ವಲ್ಪ ಉದ್ದ ಆದೀತು.

1869ರಲ್ಲಿ ರಷ್ಯಾದ ಮೆಂಡಲೀವ್ ಧಾತುಗಳನ್ನು ತೂಕದ ಪ್ರಕಾರ ಸಾಲಾಗಿ ಜೋಡಿಸಿದರು. ಗುಣದಲ್ಲಿ ಹೋಲುವವು ಒಂದರ ಕೆಳಗೊಂದು ಚೆನ್ನಾಗಿ ಕೂತವು. ಆದರೆ ಅಲ್ಲಲ್ಲಿ ತಕರಾರು. ಟೆಲ್ಲೂರಿಯಮ್ಮಿನ ತೂಕ 127.6, ಅಯೋಡಿನ್ನಿನ ತೂಕ 126.9. ತೂಕ ನೋಡಿದರೆ ಅಯೋಡಿನ್ ಮೊದಲು ಬರಬೇಕು. ಗುಣ ನೋಡಿದರೆ ಅದು ಕ್ಲೋರಿನ್, ಬ್ರೋಮಿನ್‌ಗಳ ಕೆಳಗೆ, ಅಂದರೆ ಟೆಲ್ಲೂರಿಯಂ ಆದ ಮೇಲೆ ಬರಬೇಕು. ಮೆಂಡಲೀವ್ ಗುಣವನ್ನೇ ನಂಬಿದರು. ತೂಕ ಅಳೆದದ್ದರಲ್ಲಿ ತಪ್ಪಿರಬೇಕು ಎಂದುಕೊಂಡರು. ತೂಕದಲ್ಲಿ ತಪ್ಪಿರಲಿಲ್ಲ. ಕೋಬಾಲ್ಟ್, ನಿಕ್ಕಲ್ ಜೋಡಿಯದ್ದೂ ಇದೇ ರಗಳೆ. ಸಾಲಿನಲ್ಲಿ ಒಂದು ಧಾತುವಿನ ನಂಬರ್ ಎಂದರೆ ಆಗ ಬರೀ ಕ್ರಮಸಂಖ್ಯೆ, ಹಾಜರಿ ಪುಸ್ತಕದ ನಂಬರ್ ಇದ್ದ ಹಾಗೆ.

1911ರಲ್ಲಿ ರುದರ್‌ಫೋರ್ಡ್ ಪರಮಾಣುವಿನ ನಡುವೆ ಬೀಜ ಇದೆ ಎಂದು ತೋರಿಸಿದರು. ಅದೇ ವರ್ಷ ಹಾಲೆಂಡಿನ ವಾನ್ ಡೆನ್ ಬ್ರೂಕ್ ಎಂಬವರಿಗೆ ಒಂದು ಯೋಚನೆ ಬಂತು. ಮೆಂಡಲೀವರ ಕೋಷ್ಟಕದ ಕ್ರಮಸಂಖ್ಯೆಯೂ ಬೀಜದ ವಿದ್ಯುತ್ತಿನ ಲೆಕ್ಕವೂ ಒಂದೇ ಇರಬಹುದೇ? ಯೋಚನೆ ಚೆನ್ನಾಗಿತ್ತು, ಸಾಕ್ಷಿ ಬೇಕಿತ್ತು.

ಸಾಕ್ಷಿ ತಂದವನು ಹೆನ್ರಿ ಮೋಸ್ಲಿ, ಇಪ್ಪತ್ತೈದು ದಾಟಿದ ಹುಡುಗ. 1913ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕೆಲಸ. ಒಂದೊಂದೇ ಧಾತುವಿನ ಮೇಲೆ ಎಲೆಕ್ಟ್ರಾನ್ ಹಾಯಿಸಿ, ಅದು ಸೂಸುವ ಎಕ್ಸ್-ರೇಯನ್ನು ಅಳೆದ. ಪ್ರತಿ ಧಾತುವಿಗೂ ಅದರದ್ದೇ ಎಕ್ಸ್-ರೇ ಇದೆ. ಹೊರಗಿನ ಎಲೆಕ್ಟ್ರಾನ್ ಬಂದರೂ ಹೋದರೂ ಅದಕ್ಕೆ ಹೆಚ್ಚು ಪರಿಣಾಮ ಇಲ್ಲ. ಯಾಕೆಂದರೆ ಅದು ಬೀಜದ ಪಕ್ಕದ ಎಲೆಕ್ಟ್ರಾನ್‌ಗಳಿಂದ ಬರುವುದು, ಬೀಜದ ಸೆಳೆತ ನೇರವಾಗಿ ತಟ್ಟುವ ಜಾಗದಿಂದ. ಅದರ ಆವರ್ತನದ ವರ್ಗಮೂಲ ತೆಗೆದು ಬರೆದಾಗ ಒಂದು ಧಾತುವಿನಿಂದ ಮುಂದಿನದ್ದಕ್ಕೆ ಸಮ ಸಮ ಹೆಜ್ಜೆ ಸಿಕ್ಕಿತು. ಏಣಿಯ ಮೆಟ್ಟಿಲಿನ ಹಾಗೆ. ಕಬ್ಬಿಣ, ಕೋಬಾಲ್ಟ್, ನಿಕ್ಕಲ್, ತಾಮ್ರ. ಕಬ್ಬಿಣದಿಂದ ತಾಮ್ರಕ್ಕೆ ಸರಿಯಾಗಿ ಮೂರು ಮೆಟ್ಟಿಲು. ತೂಕದಲ್ಲಿ ನಿಕ್ಕಲ್ ಹಗುರ ಆದರೂ ಏಣಿಯಲ್ಲಿ ಅದು ಕೋಬಾಲ್ಟಿಗಿಂತ ಮೇಲೆ. ತಕರಾರು ಮುಗಿಯಿತು.

1914ರ ಹೊತ್ತಿಗೆ ಅಲ್ಯೂಮಿನಿಯಂನಿಂದ ಚಿನ್ನದವರೆಗೆ ಅಳೆದು ಮುಗಿಸಿದ್ದ. ಏಣಿಯಲ್ಲಿ ಖಾಲಿ ಮೆಟ್ಟಿಲು ಎಲ್ಲಿವೆ ಎಂದೂ ತೋರಿಸಿದ. 43, 61, 75. ಅಲ್ಲಿ ಇನ್ನೂ ಕಾಣದ ಧಾತು ಇರಲೇಬೇಕು. ಇತ್ತು ಕೂಡ. 75 ಸಿಕ್ಕಿದ್ದು 1925ರಲ್ಲಿ, 43 ಸಿಕ್ಕಿದ್ದು 1937ರಲ್ಲಿ, 61 ಸಿಕ್ಕಿದ್ದು 1945ರಲ್ಲಿ. ಅದನ್ನು ನೋಡಲು ಮೋಸ್ಲಿ ಇರಲಿಲ್ಲ. ಮೊದಲ ಮಹಾಯುದ್ಧಕ್ಕೆ ಸೈನ್ಯ ಸೇರಿ, 1915ರ ಆಗಸ್ಟ್ 10ರಂದು ಟರ್ಕಿಯ ಗಲ್ಲಿಪೋಲಿಯಲ್ಲಿ ಸತ್ತ. 27 ವರ್ಷ. ಈ ಪಾಠ ಮಾಡುವಾಗಲೆಲ್ಲ ಇಲ್ಲಿಗೆ ಬಂದರೆ ನನಗೆ ಸ್ವಲ್ಪ ಹೊತ್ತು ಮಾತು ನಿಲ್ಲುತ್ತಿತ್ತು. ಬೆಂಚಿನಲ್ಲಿ ಕೂತವರೂ ಇನ್ನು ಹತ್ತು ವರ್ಷದಲ್ಲಿ ಆ ವಯಸ್ಸಿಗೆ ಬರುವವರೇ ಅಲ್ವಾ.

ಪ್ರೋಟಾನ್ ಎಂಬ ಹೆಸರು ಬಂದದ್ದು ಅದಕ್ಕೂ ಆಮೇಲೆ, 1920ರಲ್ಲಿ. ಹೆಸರಿಟ್ಟವರು ರುದರ್‌ಫೋರ್ಡ್. ನ್ಯೂಟ್ರಾನ್ ಸಿಕ್ಕಿದ್ದು 1932ರಲ್ಲಿ, ಚಾಡ್ವಿಕ್ ಅವರಿಗೆ.

ನನ್ನ ಕ್ಲಾಸಿನಲ್ಲಿ ಮನೆಯಲ್ಲಿ ತುಳು ಮಾತಾಡುವವರು, ಮಲಯಾಳ ಮಾತಾಡುವವರು, ಕನ್ನಡದವರು ಎಲ್ಲ ಒಂದೇ ಬೆಂಚಿನಲ್ಲಿ ಇರುತ್ತಿದ್ದರು. ಕಬ್ಬಿಣ ಎಂದು ನಾನು ಬರೆದರೆ ಒಬ್ಬ ಕರ್ಬ ಎನ್ನುತ್ತಿದ್ದ, ಇನ್ನೊಬ್ಬಳು ಇರುಂಬು ಎನ್ನುತ್ತಿದ್ದಳು. ಬೋರ್ಡಿನಲ್ಲಿ ದೊಡ್ಡದಾಗಿ 26 ಎಂದು ಬರೆದು, ಯಾವ ಭಾಷೆಯಲ್ಲಿ ಬೇಕಾದರೂ ಕರೆಯಿರಿ, ಇದನ್ನು ಮಾತ್ರ ಬಿಡಬೇಡಿ ಎನ್ನುತ್ತಿದ್ದೆ. ನಿನಗೂ ಅದನ್ನೇ ಹೇಳುತ್ತೇನೆ. ಇಡೀ ಕೋಷ್ಟಕ ಬಾಯಿಪಾಠ ಮಾಡಬೇಡ. ಮನೆಯಲ್ಲಿ ಕೈಗೆ ಸಿಗುವ ಹತ್ತು ಧಾತುಗಳ ನಂಬರ್ ಗೊತ್ತಿದ್ದರೆ ಉಳಿದದ್ದು ತಾನಾಗಿ ಬರುತ್ತದೆ.


ಪ್ರಶ್ನೆ: ನನ್ನ ಹೆಂಡತಿಗೆ ಥೈರಾಯ್ಡ್ ತೊಂದರೆ. ವಿಕಿರಣ ಇರುವ ಅಯೋಡಿನ್ ಕುಡಿಸಬೇಕು ಎಂದಿದ್ದಾರೆ. ಉಪ್ಪಿನಲ್ಲಿರುವ ಅಯೋಡಿನ್ನೂ ಇದೂ ಬೇರೆ ಬೇರೆಯೇ? ಬೇರೆಯಾದರೆ ಹೆಸರು ಯಾಕೆ ಒಂದೇ? ಕೇಳಲು ಹೆದರಿಕೆ, ಕೇಳದಿದ್ದರೂ ಹೆದರಿಕೆ.
– ಓದುಗರು, ಮುಳ್ಳೇರಿಯ

ಉತ್ತರ: ಹೆದರಿಕೆ ಆಗುವುದು ಸಹಜ. ನಮ್ಮ ಹತ್ತಿರದ ಸಂಬಂಧಿಕರೊಬ್ಬರಿಗೂ ಇದೇ ಚಿಕಿತ್ಸೆ ಆಗಿದೆ, ಆ ವಾರದ ಮನೆಯ ಸ್ಥಿತಿ ನನಗೆ ಗೊತ್ತು.

ಎರಡೂ ಅಯೋಡಿನ್ನೇ. ಎರಡರ ಬೀಜದಲ್ಲೂ 53 ಪ್ರೋಟಾನ್. ಉಪ್ಪಿನದ್ದರಲ್ಲಿ ಜೊತೆಗೆ 74 ನ್ಯೂಟ್ರಾನ್, ಒಟ್ಟು 127. ಮದ್ದಿನದ್ದರಲ್ಲಿ 78 ನ್ಯೂಟ್ರಾನ್, ಒಟ್ಟು 131. ಅದಕ್ಕೇ ಅಯೋಡಿನ್-131 ಎನ್ನುವುದು. ಒಂದೇ ಧಾತುವಿನ ಇಂಥ ಬೇರೆ ತೂಕದ ಪರಮಾಣುಗಳಿಗೆ ಐಸೋಟೋಪ್ ಎಂದು ಹೆಸರು. ನ್ಯೂಟ್ರಾನಿಗೆ ವಿದ್ಯುತ್ತು ಇಲ್ಲ, ಹಾಗಾಗಿ ಅದು ನಾಲ್ಕು ಜಾಸ್ತಿ ಇದ್ದರೂ ಎಲೆಕ್ಟ್ರಾನ್‌ಗಳ ಜೋಡಣೆಯಲ್ಲಿ ಬದಲಾವಣೆ ಇಲ್ಲ. ಎಲೆಕ್ಟ್ರಾನ್ ಬದಲಾಗದೆ ರಾಸಾಯನಿಕ ನಡವಳಿಕೆ ಬದಲಾಗುವುದಿಲ್ಲ.

ಈ ಚಿಕಿತ್ಸೆ ನಿಂತಿರುವುದೇ ಇದರ ಮೇಲೆ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನಿಗಾಗಿ ರಕ್ತದಿಂದ ಅಯೋಡಿನ್ ಹೀರುತ್ತದೆ. ಹೊಟ್ಟೆ, ಕೈಕಾಲು, ಮೂಳೆ ಯಾವುದೂ ಅಷ್ಟು ಹೀರುವುದಿಲ್ಲ. 127 ಯಾವುದು, 131 ಯಾವುದು ಎಂದು ಗ್ರಂಥಿಗೆ ಗೊತ್ತಾಗುವುದಿಲ್ಲ. 53 ಪ್ರೋಟಾನ್ ಇದ್ದರೆ ಅದಕ್ಕೆ ಅಯೋಡಿನ್, ಒಳಗೆ ಕರೆದುಕೊಳ್ಳುತ್ತದೆ. ಹಾಗೆ ಮದ್ದು ತಾನಾಗಿ ಬೇಕಾದ ಜಾಗಕ್ಕೆ ಹೋಗಿ ಕೂರುತ್ತದೆ.

ಅಲ್ಲಿ ಆಗುವುದು ಇನ್ನೂ ವಿಶೇಷ. 131ರ ಬೀಜ ಸ್ಥಿರವಲ್ಲ. ಅದರ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ, ಒಂದು ಎಲೆಕ್ಟ್ರಾನ್ ವೇಗವಾಗಿ ಹೊರಗೆ ಸಿಡಿಯುತ್ತದೆ. ಆ ಸಿಡಿತವೇ ಕೆಟ್ಟ ಜೀವಕೋಶಗಳನ್ನು ಕೊಲ್ಲುವುದು. ಸಿಡಿದ ಮರುಕ್ಷಣ ಬೀಜದಲ್ಲಿ 54 ಪ್ರೋಟಾನ್. ಈಗ ಅದು ಅಯೋಡಿನ್ ಅಲ್ಲ, ಕ್ಸೆನಾನ್ ಎಂಬ ನಿರುಪದ್ರವಿ ಅನಿಲ. ಗ್ರಂಥಿಗೆ ಅದು ಬೇಡ, ರಕ್ತದಲ್ಲಿ ಸಾಗಿ ಉಸಿರಿನ ಜೊತೆ ಹೊರಗೆ ಹೋಗುತ್ತದೆ. ಪೆರ್ಲದ ಅಜ್ಜ ಕತ್ತಿಯಲ್ಲಿ ಕಂಡೆ ಎಂದುಕೊಂಡ ಬದಲಾವಣೆ, ಒಂದು ಧಾತು ಇನ್ನೊಂದಾಗುವುದು, ನಿಮ್ಮ ಹೆಂಡತಿಯ ಕುತ್ತಿಗೆಯಲ್ಲಿ ನಿಜವಾಗಿ ನಡೆಯುತ್ತದೆ.

ಎಂಟು ದಿನಕ್ಕೆ ಅರ್ಧ ಮದ್ದು ಹೀಗೆ ಕ್ಸೆನಾನ್ ಆಗುತ್ತದೆ. ಇನ್ನೆಂಟು ದಿನಕ್ಕೆ ಉಳಿದದ್ದರಲ್ಲಿ ಅರ್ಧ. ಜೊತೆಗೆ ಮೂತ್ರದಲ್ಲಿ ಜಾಸ್ತಿ ಪಾಲು ಮೊದಲೇ ಹೊರಗೆ ಹೋಗುತ್ತದೆ. ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಬೇಕಾದ ದಿನಗಳು, ಬೇರೆ ಪಾತ್ರೆ, ಬೇರೆ ಬಟ್ಟೆಯ ಸೂಚನೆ ಎಲ್ಲ ಇದರ ಲೆಕ್ಕದಲ್ಲೇ ಕೊಡುವುದು. ಎಷ್ಟು ದಿನ ಎನ್ನುವುದು ಕೊಟ್ಟ ಮದ್ದಿನ ಪ್ರಮಾಣದ ಮೇಲೆ ಇದೆ, ನಿಮ್ಮ ಡಾಕ್ಟರ್ ಹೇಳಿದಷ್ಟೇ ಪಾಲಿಸಿ. ಮದ್ದಿನ ಮೊದಲು ಕೆಲವು ದಿನ ಅಯೋಡಿನ್ ಇರುವ ಉಪ್ಪು, ಸಮುದ್ರದ ಮೀನು ಬೇಡ ಎನ್ನಬಹುದು. ಗ್ರಂಥಿ ಹಸಿದಿರಲಿ ಎಂದು ಹಾಗೆ ಹೇಳುವುದು. ಕೇಳಲು ಹೆದರಬೇಡಿ. ಈ ಪತ್ರ ಬರೆದ ಹಾಗೇ ಅವರ ಎದುರು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ.


ಪ್ರಶ್ನೆ: ಪಾದರಸಕ್ಕೆ ಗಿಡಮೂಲಿಕೆ ರಸ ಹಾಕಿ ಕಾಯಿಸಿದರೆ ಚಿನ್ನ ಆಗುತ್ತದೆ ಎನ್ನುವ ವಿಡಿಯೋ ವಾಟ್ಸಾಪಿನಲ್ಲಿ ಬರುತ್ತಿದೆ. ಪಾದರಸ 80, ಚಿನ್ನ 79, ಒಂದೇ ಪ್ರೋಟಾನ್ ಕಡಿಮೆ ಮಾಡಿದರೆ ಸಾಕು ಎಂದು ವಿಜ್ಞಾನದ ಮಾತನ್ನೂ ಸೇರಿಸಿದ್ದಾರೆ. ಹೌದೇ?
– ಓದುಗರು, ಉಪ್ಪಳ

ಉತ್ತರ: ನಂಬರ್ ಸರಿ, ಉಳಿದದ್ದು ಸುಳ್ಳು. ರಸ, ಬೆಂಕಿ ಎಲ್ಲ ಹೊರಗಿನ ಎಲೆಕ್ಟ್ರಾನಿನವರೆಗೆ ಮಾತ್ರ ಎಂದು ಮೇಲೆ ಹೇಳಿದೆ. ಆ ಒಂದು ಪ್ರೋಟಾನ್ ತೆಗೆಯಲು ಒಲೆ ಸಾಲದು.

ತೆಗೆದವರು ಇದ್ದಾರೆ. ಜಿನೀವಾದ ಸೆರ್ನ್ ಎಂಬ ಪ್ರಯೋಗಾಲಯದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಯಂತ್ರದಲ್ಲಿ ಸೀಸದ ಬೀಜಗಳನ್ನು ಬೆಳಕಿನ ಹತ್ತಿರದ ವೇಗದಲ್ಲಿ ಎದುರುಬದುರು ಓಡಿಸುತ್ತಾರೆ. ಸೀಸಕ್ಕೆ 82 ಪ್ರೋಟಾನ್. ಒಂದಕ್ಕೊಂದು ತೀರಾ ಹತ್ತಿರ ಹಾದುಹೋಗುವಾಗ ಕೆಲವು ಬೀಜಗಳಿಂದ ಮೂರು ಪ್ರೋಟಾನ್ ಕಳಚಿ ಬಿದ್ದು 79 ಆಗುತ್ತದೆ. ಚಿನ್ನ! 2015ರಿಂದ 2018ರವರೆಗೆ ಹೀಗೆ ಆದ ಚಿನ್ನವನ್ನು ಲೆಕ್ಕ ಹಾಕಿ 2025ರಲ್ಲಿ ಪ್ರಕಟಿಸಿದರು. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ 29 ಪಾಲು. ಅದೂ ಕ್ಷಣದೊಳಗೆ ಕೊಳವೆಗೆ ಬಡಿದು ಒಡೆದುಹೋಯಿತು.

ವಿಡಿಯೋದಲ್ಲಿ ಕೊನೆಗೆ ತೋರಿಸುವ ಚಿನ್ನ ಎಲ್ಲಿಂದ ಬಂತು ಎಂದು ಕೇಳಬಹುದು. ಚಿನ್ನ ಪಾದರಸದಲ್ಲಿ ಕರಗುತ್ತದೆ. ಮೊದಲೇ ಕರಗಿಸಿಟ್ಟರೆ ಹೊರಗೆ ಬೆಳ್ಳಗೆ ಕಾಣುತ್ತದೆ. ಕಾಯಿಸಿದಾಗ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ನಾನು ಚಿಕ್ಕವನಿದ್ದಾಗ ನಮ್ಮ ಅಜ್ಜಿಯ ಎದುರು ಇದೇ ಆಟ ಆಡಿ, ಮೊದಲ ದಿನ ಒಂದು ಚೂರು ಚಿನ್ನ ಕೊಟ್ಟು, ಎರಡನೇ ದಿನ ಅವಳ ಬಳೆಗಳನ್ನು 'ದುಪ್ಪಟ್ಟು ಮಾಡಲು' ಕೊಂಡುಹೋದವನು ಮತ್ತೆ ಬರಲಿಲ್ಲ. ಅಜ್ಜಿ ಆಮೇಲೆ ಎಷ್ಟೋ ವರ್ಷ ಬರಿಗೈ ಸವರಿಕೊಳ್ಳುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ದಯವಿಟ್ಟು ಆ ವಿಡಿಯೋವನ್ನು ಯಾರಿಗೂ ಕಳಿಸಬೇಡಿ. ದುಡ್ಡು ಹೋಗುವುದು ಒಂದು ಕಡೆ, ಪಾದರಸದ ಆವಿ ಮಿದುಳಿಗೆ, ಕಿಡ್ನಿಗೆ ವಿಷ. ಮನೆಯೊಳಗೆ ಕಾಯಿಸಿದರೆ ಮಕ್ಕಳೂ ಉಸಿರಾಡುತ್ತಾರೆ.


ಪ್ರಶ್ನೆ: ನೀರಿನ ಪರಮಾಣು ಸಂಖ್ಯೆ ಎಷ್ಟು? ನೀರಿಗಾಗಿ ಗುಡ್ಡ ಕೊರೆದ ನಮ್ಮ ಸುರಂಗದ ನೀರು ತರುವಾಗ ಸ್ಫಟಿಕದ ಹಾಗೆ ಇರುತ್ತದೆ. ಒಂದು ರಾತ್ರಿ ಕೊಡದಲ್ಲಿಟ್ಟರೆ ತಳದಲ್ಲಿ ಕೆಂಪು ಕೂರುತ್ತದೆ. ನೀರೇ ಬದಲಾಗುವುದೇ?
– ಓದುಗರು, ನೀರ್ಚಾಲು

ಉತ್ತರ: ನೀರಿಗೆ ಪರಮಾಣು ಸಂಖ್ಯೆ ಇಲ್ಲ. ಅದು ಧಾತು ಅಲ್ಲ, ಹೈಡ್ರೋಜನ್ (1) ಮತ್ತು ಆಕ್ಸಿಜನ್ (8) ಸೇರಿ ಆದದ್ದು.

ಕೆಂಪು ಬರುವುದು ಕಬ್ಬಿಣದಿಂದ. ನಮ್ಮ ಮುರಕಲ್ಲಿನ ಗುಡ್ಡಗಳ ಕೆಂಪೇ ಕಬ್ಬಿಣದ್ದು. ಗುಡ್ಡದ ಒಳಗೆ ಗಾಳಿ ತಾಗದ ಜಾಗದಲ್ಲಿ ಕಬ್ಬಿಣ ಎರಡು ಎಲೆಕ್ಟ್ರಾನ್ ಕಳೆದುಕೊಂಡು ನೀರಿನಲ್ಲಿ ಕರಗಿರುತ್ತದೆ, ಬಣ್ಣ ಕಾಣುವುದಿಲ್ಲ. ಸುರಂಗದಿಂದ ಹೊರಗೆ ಬಂದು ಗಾಳಿ ತಾಗಿದಾಗ ಆಕ್ಸಿಜನ್ ಇನ್ನೊಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಮೂರು ಕಳೆದುಕೊಂಡ ಕಬ್ಬಿಣ ನೀರಿನಲ್ಲಿ ಕರಗಿ ನಿಲ್ಲುವುದಿಲ್ಲ, ತುಕ್ಕಾಗಿ ಕೆಳಗೆ ಕೂರುತ್ತದೆ. ಕಲ್ಲಿನಲ್ಲಿ ಇದ್ದಾಗಲೂ, ಕಾಣದೆ ಕರಗಿದ್ದಾಗಲೂ, ಕೊಡದ ತಳದಲ್ಲಿ ಕೂತಾಗಲೂ ಪ್ರೋಟಾನ್ 26.

ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಏಳೆಂಟು ಸಲ ಹೊಯ್ದು, ರಾತ್ರಿ ಇಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನು ಮರಳಿನಲ್ಲಿ ಸೋಸಿ. ಕೆಂಪು ಬಹಳ ಜಾಸ್ತಿ ಇದ್ದರೆ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ತಳದ ಕೆಸರನ್ನು ಬಾಳೆಯ ಬುಡಕ್ಕೆ ಚೆಲ್ಲಬಹುದು.